ಕೋಟೆಗೆ ಬಡಿಸಿದ ಎರಡು ಎಲೆ

ಜುಲೈ 14, ಸೋಮವಾರ

ಬೆಳಕಾಗುವ ಮೊದಲೇ ಅಂಗಿ ಒದ್ದೆ. ವಾಕಿಂಗ್ ಕೋಟೆಯ ತನಕ, ಅಲ್ಲಿಂದ ಮೊಯ್ದುವಿನ ಕೆಫೆಟೇರಿಯಾ, ಹಾಲಿಲ್ಲದ ಒಂದು ಸುಲೈಮಾನಿ ಚಹಾ, ವಾಪಸ್. ಬಿಪಿ ಮಾತ್ರೆ ನುಂಗಿದೆ. ಶುಗರಿನದ್ದು ನುಂಗಿದೆನಾ? ನೆನಪಾಗುತ್ತಿಲ್ಲ. ಮೋಹಿನಿ ಇದ್ದಾಗ ಎರಡನ್ನೂ ಅಂಗೈಗೆ ಹಾಕಿ ಎದುರಿಗೇ ನಿಲ್ಲುತ್ತಿದ್ದಳು, ನುಂಗುವ ತನಕ ಕದಲುತ್ತಿರಲಿಲ್ಲ. ಹೆಂಡತಿ ತೀರಿಕೊಂಡವನಿಗೆ ಮೊದಲು ತಪ್ಪುವುದು ಮಾತ್ರೆ. ಅಳುವುದೆಲ್ಲ ಆಮೇಲೆ.

ಲತೇಶ್ ಆರಕ್ಕೆ ಸೀಬ್‌ನ ಆಫೀಸಿಗೆ ಹೊರಟ. ಅಳಿಯ ಒಳ್ಳೆಯವನು. ಮಾತು ಕಡಿಮೆ, ಎಸಿ ಜಾಸ್ತಿ. ಮಗಳು ಸುಪ್ರೀತಾ ಕ್ಲಿನಿಕ್ಕಿನ ಕೆಲಸಕ್ಕೆ. ಶಾಲೆಗೆ ರಜೆಯಾದ್ದರಿಂದ ಪ್ರಣೀತಾ ನನ್ನ ಡ್ಯೂಟಿ. ಎಂಟು ವರ್ಷದ ಮೊಮ್ಮಗಳು, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನಾನು ಇಂಗ್ಲಿಷಿನಲ್ಲಿ ಕೇಳಿದರೆ ನಗು.

ಹಗಲು ಭಾಷಣದ ಕೆಲಸ. ಚಳಿಗಾಲದಲ್ಲಿ ಇಲ್ಲಿಯ ನಮ್ಮ ಕನ್ನಡ ಸಂಘದವರು ಈ ಊರಿನ ಕೋಟೆ ನೋಡಲು ಬರುತ್ತಾರಂತೆ. ಸಂಕಪ್ಪಣ್ಣ ಬಿ.ಎ. ಹಿಸ್ಟರಿ, ಅವರೇ ವಿವರಿಸಲಿ ಎಂದು ಯಾರೋ ಹೇಳಿದರು, ಉಳಿದವರು ಕೈ ತಟ್ಟಿದರು. ಬಿ.ಎ. ಹೌದು. ಆದರೆ ಅರ್ಧ ಆಯುಷ್ಯ ಈ ಅರಬಿ ದೇಶದ ಇಬ್ರಿ ಎಂಬ ಊರಿನ ಸ್ಟೋರಿನಲ್ಲಿ ಬೋಲ್ಟು ನಟ್ಟು ಕೊಟ್ಟು ಕಳೆದವನ ತಲೆಯಲ್ಲಿ ಹಿಸ್ಟರಿ ಎಷ್ಟು ಉಳಿದೀತು? ಉಳಿದದ್ದು ಲೆಕ್ಚರರ ಒಂದು ಮಾತು — ಯುದ್ಧ ಯಾವುದೇ ಇರಲಿ, ರಿಮೋಟ್ ಕಾಸಸ್, ಇಮ್ಮಿಡಿಯೆಟ್ ಕಾಸ್, ರಿಸಲ್ಟ್ಸ್. ಮೂರು ಹೆಡಿಂಗ್ ಹಾಕಿದವನು ಪಾಸು.

ಹಾಕಿದೆ.

ರಿಮೋಟ್ ಕಾಸಸ್: ಸುಮಾರು ಮುನ್ನೂರು ವರ್ಷದ ಹಿಂದೆ ಈ ದೇಶ ಆಳುತ್ತಿದ್ದ ಇಮಾಮ್ ತೀರಿಕೊಂಡ. ಮಗ ಇನ್ನೂ ಹುಡುಗ. ಪಂಡಿತರು ಹುಡುಗ ಬೇಡ ಎಂದರು, ಜನ ಹುಡುಗನೇ ಬೇಕು ಎಂದರು. ಹಿನಾವಿ ಒಂದು ಪಕ್ಷ, ಗಾಫಿರಿ ಒಂದು ಪಕ್ಷ. ದೇಶ ಎರಡು ಹೋಳು. ಕೊನೆಗೆ ಸೊಹಾರ್ ಕೋಟೆಯ ಬುಡದಲ್ಲಿ ಎರಡೂ ಕಡೆಯ ನಾಯಕರು ಒಂದೇ ಕಾಳಗದಲ್ಲಿ ಸತ್ತರು. ಆದರೂ ಯುದ್ಧ ಸಾಯಲಿಲ್ಲ.

ಪುಸ್ತಕದಲ್ಲಿರುವುದು ಇಷ್ಟೇ. ನಮ್ಮ ಸಣ್ಣ ಕೋಟೆಯ ಹೆಸರು ಪುಸ್ತಕದಲ್ಲಿಲ್ಲ. ಅದರ ಕಥೆ ಝುಬೈದಾ ಮೇಡಂ ಬಾಯಲ್ಲಿ ಕೇಳಿದ್ದು. ಕೋಟೆಯ ಉಸ್ತುವಾರಿ ಅವರದ್ದು. ಪುಣೆಯಲ್ಲಿ ಓದಿದವರು, ಅವರ ಹಿಂದಿ ನನ್ನ ಹಿಂದಿಗಿಂತ ಮೇಲು. ರುಸ್ತಾಕ್‌ನಿಂದ ಇಲ್ಲಿಗೆ ಮದುವೆಯಾಗಿ ಬಂದವರು.

ಕಥೆ ಹೀಗೆ. ಒಂದು ಪಕ್ಷದವರು ಕೋಟೆಯ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ಇನ್ನೊಂದು ಪಕ್ಷದವರು ಹೊರಗೆ ಖರ್ಜೂರದ ತೋಟದಲ್ಲಿ ಕೂತು ಮುತ್ತಿಗೆ ಹಾಕಿದರು. ಎಲ್ಲರೂ ದಾಯಾದಿಗಳೇ. ಒಳಗಿನ ಬಾವಿಗೆ ನೀರು ಬರುತ್ತಿದ್ದುದು ತೋಟದ ಕಡೆಯಿಂದ, ಕಾಲುವೆಯಲ್ಲಿ. ಒಂದು ದಿನ ನೀರು ನಿಂತಿತು. ಒಳಗಿನವರು ಒಬ್ಬೊಬ್ಬರೇ ನಾಲಿಗೆ ಒಣಗಿ ಸತ್ತರು, ಉಳಿದವರು ಬಾಗಿಲು ತೆರೆದರು. ಕಾಲುವೆ ಕಡಿದವರು ಹೊರಗಿನವರೇ ಎಂದು ಒಳಗಿನವರ ಮನೆತನ ಇಂದಿಗೂ ಹೇಳುತ್ತದೆ. ಕಡಿದಿಲ್ಲ, ಬರ ಬಂದಿತ್ತು, ನಮ್ಮವರೂ ಬಾಯಾರಿಯೇ ಇದ್ದರು ಎಂದು ಹೊರಗಿನವರ ಮನೆತನ. ಎರಡೂ ಮನೆತನ ಈಗಲೂ ಇಲ್ಲೇ. ಒಬ್ಬರು ಸಮುದ್ರದ ಕಡೆ, ಒಬ್ಬರು ತೋಟದ ಕಡೆ. ಕೋಟೆ ನಡುವೆ.

ಭಾಷಣದಲ್ಲಿ ಮನೆತನದ ಹೆಸರು ಎತ್ತಬೇಡಿ, ನೀರಿನ ಮಾತಂತೂ ಬೇಡವೇ ಬೇಡ ಎಂದರು ಮೇಡಂ. ನಗುತ್ತಲೇ ಹೇಳಿದರು. ಕಣ್ಣು ನಗುತ್ತಿರಲಿಲ್ಲ.

ಆದ್ದರಿಂದ ಇಲ್ಲಿಯೂ ಹೆಸರು ಬೇಡ. ಒಳಗಿನವರು. ಹೊರಗಿನವರು. ಸಾಕು.

ಜುಲೈ 17, ಗುರುವಾರ

ನಮ್ಮ ತುಳುವರ ಆಟಿ ತಿಂಗಳು ಶುರು. ಊರಿನಲ್ಲಿ ಮಳೆ. ಇಲ್ಲಿ ಕಾಗೆಗೂ ಬಾಯಿ ತೆರೆದು ಕೂರುವ ಬಿಸಿಲು.

ಸಂಜೆ ಪ್ರಣೀತಾಳನ್ನು ಕೋಟೆಗೆ ಕರೆದುಕೊಂಡು ಹೋದೆ. ಟಿಕೆಟ್ಟಿಲ್ಲ, ಕಾವಲಿಲ್ಲ, ಯಾರು ಬೇಕಾದರೂ ಹೋಗಬಹುದು. ಬಾವಿಯ ಕಟ್ಟೆಗೆ ಒರಗಿ ನಾನು ಗತ್ತಿನಲ್ಲಿ ಕಥೆ ಹೇಳುತ್ತಿದ್ದೆ. ನೀರಿಲ್ಲದೆ ಗೋಡೆಯ ಪಸೆ ನೆಕ್ಕಿದರಂತೆ ಎಂದು ಸ್ವಲ್ಪ ಸೇರಿಸಿಯೂ ಹೇಳಿದೆ. ಅವಳಿಗೆ ಯುದ್ಧ ಬೇಡ. "ಅಜ್ಜ, ಹೌ ಡೀಪ್ ಈಸ್ ಇಟ್?" ಎಂದಳು. ನಾನು ಉತ್ತರಿಸುವ ಮೊದಲೇ ಬಗ್ಗಿ ಉಗಿದಳು.

ಶಬ್ದ ಕೇಳಲಿಕ್ಕೆ. ಮಕ್ಕಳ ಬುದ್ಧಿ.

ಶಬ್ದ ಬರಲಿಲ್ಲ. ಇಬ್ಬರೂ ಕಿವಿಗೊಟ್ಟು ನಿಂತೆವು... ಏನೂ ಬರಲಿಲ್ಲ. ಒಣ ಬಾವಿ, ಹೇಗೆ ಬಂದೀತು. ಆದರೂ... ಬಾಯಾರಿ ಸತ್ತವರ ಬಾವಿಗೆ ಎಂಜಲು. ಕೈ ಹಿಡಿದು ಎಳೆದುಕೊಂಡೇ ಬಂದೆ. "ವೈ ಆರ್ ಯು ರನ್ನಿಂಗ್, ಅಜ್ಜ?"

ಜುಲೈ 19, ಶನಿವಾರ

ಜ್ವರ. ನೂರಮೂರು. ನಿನ್ನೆಯಿಂದಲೇ ಮೈ ಬಿಸಿ ಇತ್ತು, ಬಿಸಿಲಿನದ್ದು ಎಂದುಕೊಂಡೆವು.

ಡಾಕ್ಟರು ವೈರಲ್ ಎಂದರು. ಲತೇಶನೂ ವೈರಲ್ ಎಂದ, ಆಫೀಸಿನಲ್ಲಿ ಅರ್ಧ ಜನಕ್ಕೆ ಉಂಟಂತೆ. ಇರಬಹುದು.

ಆದರೆ ಮಗು ನೀರು ಕೇಳುತ್ತದೆ. ಕುಡಿಯುತ್ತದೆ. ಕುಡಿದು ಬಾಯಿ ಒರೆಸುವ ಮೊದಲೇ ಮತ್ತೆ ಬಾಯಿ ಒಣಗಿದೆ ಎನ್ನುತ್ತದೆ. ಅದೂ ಕನ್ನಡದಲ್ಲಿ. "ಅಜ್ಜ, ನೀರು."

ಬಾವಿಯ ವಿಷಯ ನಾನು ಯಾರಿಗೂ ಹೇಳಿಲ್ಲ.

ಜುಲೈ 21, ಸೋಮವಾರ

ಇಳಿಯಲಿಲ್ಲ. ಮಾತ್ರೆ ಕೊಟ್ಟರೆ ಒಂದು ಗಳಿಗೆ, ಮತ್ತೆ ಏರು. ಬ್ಲಡ್ ಟೆಸ್ಟ್ ಆಯಿತು, ನಾರ್ಮಲ್. ನಾರ್ಮಲ್ ಎಂದಾಗ ನನಗೆ ಇನ್ನೂ ಹೆದರಿಕೆ.

ಸತ್ತು ಗತಿ ಕಾಣದವರಿಗೆ ನಮ್ಮಲ್ಲಿ ಕುಲೆ ಎನ್ನುತ್ತೇವೆ. ಆಟಿಯಲ್ಲಿ ಕುಲೆಗಳಿಗೆ ಅಗೆಲು ಬಡಿಸುವುದು ಕ್ರಮ. ಮುಸ್ಸಂಜೆಗೆ ಬಾಳೆಲೆಯಲ್ಲಿ ಅನ್ನ, ಕೋಳಿ, ಎಳನೀರು. ಇಟ್ಟು ತಿರುಗಿ ನೋಡದೆ ಬರುವುದು. ಅಮ್ಮ ಮಾಡುತ್ತಿದ್ದರು, ಆಮೇಲೆ ಮೋಹಿನಿ ಮಾಡಿದಳು, ಈಗ ಮೋಹಿನಿಗೇ ನಾನು ಬಡಿಸಬೇಕು. ಅವಳ ದಹನ ಸೊಹಾರ್‌ನಲ್ಲಿ ಆದದ್ದು. ಇದೇ ಸಮುದ್ರದ ದಡ.

ಕೋಟೆಯೊಳಗೆ ಸತ್ತವರಿಗೆ ಯಾರು ಬಡಿಸಿದರು? ಅವರ ಕ್ರಮದಲ್ಲಿ ಅದಿಲ್ಲ, ಅವರ ಪ್ರಾರ್ಥನೆ ಬೇರೆ. ಗೊತ್ತು. ಆದರೆ ಹಸಿವು ಬಾಯಾರಿಕೆಗೆ ಜಾತಿ ಉಂಟಾ?

ಮೆಲ್ಲಗೆ ಸುಪ್ರೀತಾಳ ಹತ್ತಿರ ಅಗೆಲಿನ ಮಾತು ತೆಗೆದೆ. "ಅಪ್ಪಾ, ಅಮ್ಮನಿಗೆ ಬೇಕಾದರೆ ಅಡುಗೆಮನೆಯಲ್ಲಿ ಒಂದು ಎಲೆ ಇಡಿ. ಹೊರಗೆ ಗಿರಗೆ ಏನೂ ಬೇಡ. ಇದು ನಮ್ಮ ಊರಲ್ಲ" ಎಂದಳು. ಮೂರು ದಿನದ ನಿದ್ದೆ ಅವಳ ಕಣ್ಣಿನಲ್ಲಿತ್ತು.

ಜುಲೈ 24, ಗುರುವಾರ. ಆಟಿ ಅಮಾವಾಸ್ಯೆ

ಮಾಡಿಬಿಟ್ಟೆ.

ಬರೆದಿಡುತ್ತೇನೆ.

ಬೆಳಿಗ್ಗೆ ಮೊಯ್ದುವಿನಲ್ಲಿಗೆ ಹೋದೆ. ಉಪ್ಪಿನಂಗಡಿಯ ಬ್ಯಾರಿ, ನನ್ನಷ್ಟೇ ಹಳಬ ಈ ದೇಶದಲ್ಲಿ. ಕೆಫೆಟೇರಿಯಾದ ಹಿಂದೆ ನಾಲ್ಕು ಬಾಳೆ ನೆಟ್ಟಿದ್ದಾನೆ, ಸುತ್ತಮುತ್ತ ಬಾಳೆ ಇರುವುದು ಅಲ್ಲಿ ಮಾತ್ರ. ಎಲೆ ಕೇಳಿದೆ. ಮೂರು.

"ಎಂತ ಸಂಕಪ್ಪಣ್ಣ, ಮೂರು ಎಲೆ? ಮೋಹಿನಿಯಕ್ಕ ಒಬ್ಬರೇ ಅಲ್ವಾ ಹೋದದ್ದು?"

ನೆಂಟರು ಬರುತ್ತಾರೆ ಎಂದೆ.

"ನಿಮ್ಮ ನೆಂಟರಿಗೆ ವೀಸಾ ಬೇಡ. ಅದೊಂದು ಸುಖ." ಕೊಯ್ದು ಕೊಟ್ಟ. ಎರಡು ಎಳನೀರನ್ನೂ ಕೆತ್ತಿಕೊಟ್ಟ.

ಮೂರು ಯಾಕೆಂದರೆ — ಒಂದು ಮೋಹಿನಿಗೆ, ಅಡುಗೆಮನೆಯಲ್ಲಿ. ಒಂದು ಒಳಗಿನವರಿಗೆ. ಬರೀ ಒಳಗಿನವರಿಗೆ ಬಡಿಸಿದರೆ ಹೊರಗಿನವರು ಸುಮ್ಮನಿರುತ್ತಾರಾ? ಯುದ್ಧದಲ್ಲಿ ಅವರ ಕಡೆಯವರೂ ಸತ್ತಿದ್ದಾರೆ. ಹಿಸ್ಟರಿ ಓದಿದವನು ಇಂಪಾರ್ಶಿಯಲ್ ಇರಬೇಕು. ಅವರಿಗೂ ಒಂದು.

ಮುಸ್ಸಂಜೆ ಬಾಂಗಿನ ಹೊತ್ತು. ಎಲ್ಲ ಮಸೀದಿಯಲ್ಲಿ. ಪಂಚೆ ಎತ್ತಿ ಕಟ್ಟಿ, ಚೀಲ ಹಿಡಿದು ಹೋದೆ. ಬಾವಿಯ ಕಟ್ಟೆಯ ಪಕ್ಕ ಒಂದು ಎಲೆ. ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ಎಳನೀರು. ಅಮ್ಮ ಅರಸಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡಿ ಸುತ್ತ ಚೆಲ್ಲುತ್ತಿದ್ದ ನೆನಪು. ಅದು ಕುಲೆಗಾ, ಭೂತಕ್ಕಾ, ಈಗ ಕೇಳೋಣವೆಂದರೆ ಯಾರಿದ್ದಾರೆ? ಚೆಲ್ಲಿದೆ. ಇನ್ನೊಂದು ಎಲೆಯನ್ನು ಹೆಬ್ಬಾಗಿಲ ಹೊರಗೆ, ತೋಟ ಶುರುವಾಗುವಲ್ಲಿ. ಅದೇ ಅನ್ನ, ಅದೇ ಕೋಳಿ, ಅದೇ ಎಳನೀರು, ಅದೇ ಕೆಂಪು ನೀರು.

ಅರಬಿ ಬರುವುದಿಲ್ಲವಲ್ಲ, ತುಳುವಿನಲ್ಲೇ ಹೇಳಿದೆ. ಮಗು ತಿಳಿಯದೆ ಮಾಡಿದ್ದು. ನೀವು ದೊಡ್ಡವರು. ಉಂಡು, ಕುಡಿದು, ಬಿಟ್ಟುಬಿಡಿ.

ಹಿಂದಿನಿಂದ ಗಾಳಿಗೆ ಎಲೆ ಸದ್ದಾಯಿತು. ಗಾಳಿಯೇ. ತಿರುಗಿ ನೋಡಲಿಲ್ಲ.

ಜುಲೈ 25, ಶುಕ್ರವಾರ

ಬೆಳಿಗ್ಗೆ ಜ್ವರ ಇಲ್ಲ! ನೂರಕ್ಕಿಂತ ಕೆಳಗೆ. ದೋಸೆ ಕೇಳಿದಳು. "ಅಜ್ಜ, ವಿತ್ ಶುಗರ್." ಇಂಗ್ಲಿಷ್ ವಾಪಸ್ ಬಂತು, ಅಂದರೆ ಮಗು ವಾಪಸ್ ಬಂತು.

ಲತೇಶ್ ವೈರಲ್ ಒಂದು ವಾರ ಇರುತ್ತದೆ ಎಂದು ಹೇಳಿದ್ದೆನಲ್ಲ ಎಂದ. ಹೌದಪ್ಪ ಎಂದೆ. ಗೆದ್ದವನು ವಾದ ಮಾಡಬಾರದು.

ಹಗಲು ಚೆನ್ನಾಗಿ ನಿದ್ದೆ. ಎಷ್ಟೋ ದಿನದ ಮೇಲೆ.

ಜುಲೈ 27, ಭಾನುವಾರ

ದೇವರೇ.

ಮೊಯ್ದುವಿನಲ್ಲಿ ಗಿರಾಕಿಗಳದ್ದೆಲ್ಲ ಅದೇ ಮಾತು. ಶುಕ್ರವಾರ ಬೆಳಿಗ್ಗೆ ಬಾವಿಯ ಹತ್ತಿರ ಎಲೆ ಸಿಕ್ಕಿತಂತೆ. ಬೆಕ್ಕು ಎಳೆದು ಚೆಲ್ಲಾಪಿಲ್ಲಿ — ಅನ್ನ, ಕೋಳಿಯ ಮೂಳೆ, ಕೆಂಪು ನೀರು. ನೋಡಿದವರು ಒಳಗಿನವರ ಮನೆಯವರು. ಮಾಟ, ಹೊರಗಿನವರೇ ಮಾಡಿಸಿದ್ದು ಎಂದು ಕೂಗಾಟ. ಅಷ್ಟರಲ್ಲಿ ಹೊರಗಿನವರಿಗೆ ತಮ್ಮ ತೋಟದ ಬಾಯಲ್ಲಿ ಇನ್ನೊಂದು ಸಿಕ್ಕಿದೆ. ಅದೇ ಎಲೆ, ಅದೇ ಮೂಳೆ, ಅದೇ ಕೆಂಪು. ಒಳಗಿನವರೇ ಮಾಡಿಸಿದ್ದು ಎಂದು ಇವರು.

ಒಂದೇ ಎಲೆ ಇಟ್ಟಿದ್ದರೆ ಯಾರೋ ಹುಚ್ಚನ ಕೆಲಸ ಎನ್ನುತ್ತಿದ್ದರೋ ಏನೋ. ಇಂಪಾರ್ಶಿಯಲ್ ಆಗಲು ಹೋದೆ.

ನಿನ್ನೆ ಸಂಜೆ ಕೋಟೆಯ ಎದುರು ಎರಡೂ ಕಡೆಯ ಹುಡುಗರು ಎದೆ ಎದೆ ತಾಗಿಸಿ ನಿಂತರಂತೆ. ಒಂದು ಕಾರಿನ ಗಾಜು ಹೋಯಿತಂತೆ. ಎರಡೂ ಮನೆಯವರು ಬೇರೆ ಬೇರೆ ಕಂಪ್ಲೇಂಟ್ ಕೊಟ್ಟಿದ್ದಾರೆ. ಇಲ್ಲಿ ಮಾಟ ಎಂದರೆ ಬಾಯಿಮಾತಲ್ಲ, ಕೇಸು.

ಮೊಯ್ದು ನನ್ನ ಕಡೆ ನೋಡಲಿಲ್ಲ. ಟೀ ಕೊಟ್ಟ, ಲೋಟ ಒರೆಸಿದ. ನೋಡದೇ ಇದ್ದದ್ದೇ ನನಗೆ ಸಾಕಾಯಿತು.

ಮನೆಗೆ ಬಂದು ಕೆಂಪು ನೀರು ಕಲಸಿದ ಪಾತ್ರೆ ಮತ್ತೆ ತೊಳೆದೆ. ಅರಸಿನದ ಕಲೆ ಉಗುರಿನ ಸಂದಿಯಲ್ಲಿ. ಹೋಗುತ್ತಿಲ್ಲ.

ಜುಲೈ 31, ಗುರುವಾರ

ಮೂರು ದಿನ ಬರೆಯಲಿಲ್ಲ. ಬರೆದದ್ದನ್ನು ಯಾರಾದರೂ ಓದಿದರೆ ಎಂಬ ಹೆದರಿಕೆ. ಕನ್ನಡ ಯಾರು ಓದುತ್ತಾರೆ ಇಲ್ಲಿ... ಆದರೂ. ವಾಕಿಂಗ್ ಇಲ್ಲ. ಮಂಡಿ ನೋವು ಎಂದಿದ್ದೇನೆ. ಕೆಳಗೆ ಕಾರು ನಿಂತರೆ ಪರದೆ ಸರಿಸಿ ನೋಡುವುದು, ಲಿಫ್ಟಿನ ಸದ್ದಾದರೆ ಬಾತ್‌ರೂಮಿಗೆ ಹೋಗುವುದು. ಮೊದಲು ಸತ್ತವರ ಹೆದರಿಕೆ ಇತ್ತು. ಅದು ಎಷ್ಟೋ ವಾಸಿ. ಅವರಿಗೆ ಅನ್ನ ಸಾಕು.

ಇವತ್ತು ಸುಪ್ರೀತಾ ಬಂದವಳೇ ಹೇಳಿದಳು, ಮೊಯ್ದುವನ್ನು ಠಾಣೆಗೆ ಕರೆದಿದ್ದಾರೆ, ಅಂಗಡಿ ಮುಚ್ಚಿದೆ. ಬಾಳೆ ಎಲೆ ಅವನ ಹಿತ್ತಿಲಿನದ್ದು, ಎಳನೀರು ಅವನ ಅಂಗಡಿಯದ್ದು, ಮತ್ತೇನು ಬೇಕು?

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಬಾವಿ, ಎಂಜಲು, ಎಲೆ, ಎಲ್ಲ. ಮಗು ಒಳಗೆ ಟಿವಿ ನೋಡುತ್ತಿತ್ತು.

ಸುಪ್ರೀತಾ ಬಾಯಿಗೆ ಕೈ ಹಿಡಿದು ಕೂತಳು. ಲತೇಶ್ ಎದ್ದು ಎಸಿ ಆಫ್ ಮಾಡಿದ. ಯಾಕೋ ಗೊತ್ತಿಲ್ಲ. ಪಕ್ಕದ ಮನೆಗೆ ಕೇಳಬಾರದು ಎಂದಾದರೆ ಆನ್ ಇರಬೇಕಿತ್ತು. ಅವನಿಗೂ ತಲೆ ಓಡಲಿಲ್ಲ ಅಂತ ಕಾಣುತ್ತದೆ.

"ಮಾವ, ನಿಮ್ಮ ವೀಸಾ ನನ್ನ ಹೆಸರಿನಲ್ಲಿ. ನನ್ನದು ಕೆಲಸ ಕೊಟ್ಟ ಕಫೀಲ್‌ನ ಹೆಸರಿನಲ್ಲಿ. ನೀವು ಬಾಯಿ ತೆರೆದರೆ ನಾಲ್ಕು ಜನವೂ ಒಂದೇ ವಿಮಾನದಲ್ಲಿ ಹೋಗುದು."

ಮೊಯ್ದು?

"ಮೊಯ್ದುವಿಗೆ ಅವನ ಜನ ಇದ್ದಾರೆ."

ಇಲ್ಲ. ಅವನಿಗೂ ಇರುವುದು ಕಫೀಲ್ ಮಾತ್ರ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಲತೇಶ್ ಮಂಗಳೂರಿಗೆ ನನಗೆ ಟಿಕೆಟ್ ನೋಡುತ್ತಾನಂತೆ. ಎಲ್ಲ ತಣ್ಣಗಾಗುವ ತನಕ ಊರಿನಲ್ಲಿ ಇದ್ದು ಬನ್ನಿ ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 2, ಶನಿವಾರ

ಮೊಯ್ದುವನ್ನು ಬಿಟ್ಟಿದ್ದಾರೆ. ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ. ಮತ್ತೆ ಕರೆಯುತ್ತೇವೆ, ಊರು ಬಿಡಬಾರದು ಎಂದಿದ್ದಾರೆ.

ಹೋದೆ. ಕಾಲು ತಾನಾಗಿ ಹೋಯಿತು. ಅರ್ಧ ಶಟರ್ ಎಳೆದು ಒಬ್ಬನೇ ಈರುಳ್ಳಿ ಕೊಯ್ಯುತ್ತಿದ್ದ. ಗಿರಾಕಿ ಇಲ್ಲ. ಮಾಟದ ಎಲೆ ಕೊಟ್ಟವನ ಕೈಯ ಪರೋಟ ಯಾರು ತಿನ್ನುತ್ತಾರೆ.

ಎಲೆ ಯಾರಿಗೆ ಕೊಟ್ಟೆ ಎಂದು ಕೇಳಿದರಂತೆ. ಯಾರೋ ಕದ್ದು ಕೊಯ್ದಿರಬೇಕು ಎಂದನಂತೆ. ಅಂಗಡಿಯ ಕ್ಯಾಮೆರಾ ಕೋಟೆಯ ದಾರಿಗೆ ತಿರುಗಿದೆಯಲ್ಲ, ಅದರಲ್ಲಿ ಏನು ಕಾಣುತ್ತದೆ ಎಂದು ಕೇಳಿದರಂತೆ.

"ರಂಜಾನಿನಿಂದ ಕೆಟ್ಟಿದೆ ಅಂದೆ."

ಕೆಟ್ಟಿದೆಯಾ ಎಂದು ಕೇಳಿದೆ.

"ಇಲ್ಲ. ನೀವು ಚಂದ ಕಾಣ್ತೀರಿ. ಪಂಚೆ ಎತ್ತಿ ಕಟ್ಟಿದ್ದು ಸಮೇತ."

ನಗಬೇಕಿತ್ತು. ಇಬ್ಬರಿಗೂ ಆಗಲಿಲ್ಲ.

ನಾನು ಹೋಗಿ ಹ-ಹೇಳುತ್ತೇನೆ ಎಂದೆ. ಹೌದು, ಬಾಯಿ ತೊದಲಿತು. ಅವನು ಚೂರಿ ಕೆಳಗಿಟ್ಟ.

"ಸಂಕಪ್ಪಣ್ಣ, ನೀವು ಠಾಣೆಗೆ ಹೋಗಿ ಸತ್ಯ ಹೇಳಿದ್ರೆ ನಾನು ಸುಳ್ಳುಗಾರ ಆಗ್ತೇನೆ. ಹೇಳದಿದ್ರೆ ಮಾಟಗಾರ. ಎರಡರಲ್ಲಿ ಯಾವುದು ಕಮ್ಮಿ ಅಂತ ನೀವೇ ನೋಡಿ. ಬಿ.ಎ. ಓದಿದವರು."

ಊರಿನಲ್ಲಿ ಹೆಂಡತಿ ಅವ್ವಮ್ಮನಿಗೆ ಇನ್ನೂ ತಿಳಿಸಿಲ್ಲವಂತೆ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಬೇಗ ಇಡುತ್ತಾನಂತೆ. ನನಗೆ ಸುಲೈಮಾನಿ ಕೊಟ್ಟ. ತಾನು ಮತ್ತೆ ಚೂರಿ ಎತ್ತಿಕೊಂಡ.

ಆಗಸ್ಟ್ 4, ಸೋಮವಾರ

ಟಿಕೆಟ್ ಆಯಿತು. ಗುರುವಾರ. ಲತೇಶ್ ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಇಟ್ಟಿದ್ದಾನೆ.

ಎರಡು ದಿನ ಅದನ್ನೇ ಯೋಚಿಸಿದೆ. ಠಾಣೆಗೆ ಹೋದರೆ ಮೊಯ್ದುವಿನ ಸುಳ್ಳು ಹೊರಬೀಳುತ್ತದೆ. ಹೋಗದಿದ್ದರೆ ಅವನ ಕುತ್ತಿಗೆ. ಹಾಗಾದರೆ ಠಾಣೆಗೂ ಮೊದಲು ಯಾರಿದ್ದಾರೆ? ಕಂಪ್ಲೇಂಟ್ ಕೊಟ್ಟವರು. ಎರಡು ಮನೆ. ಅವರೇ ವಾಪಸ್ ತೆಗೆದುಕೊಂಡರೆ?

ಮಧ್ಯಾಹ್ನ ಝುಬೈದಾ ಮೇಡಂ ಆಫೀಸು. ದಾರಿಯುದ್ದಕ್ಕೂ ಇಂಗ್ಲಿಷ್ ಜೋಡಿಸಿಕೊಂಡು ಹೋಗಿದ್ದೆ. ಮೇಡಂ, ವಿತ್ ಡ್ಯೂ ರೆಸ್ಪೆಕ್ಟ್, ಐ ಆಮ್ ದಿ ಇಮ್ಮಿಡಿಯೆಟ್ ಕಾಸ್. ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಹಿಂದಿಗೆ ಇಳಿದೆ. ನಮ್ಮ ಹೆಂಡತಿಗೆ, ತಾಯಿಗೆ, ಸತ್ತ ಎಲ್ಲರಿಗೂ ಹೀಗೆ ಊಟ ಇಡುತ್ತೇವೆ, ಇದು ಶಾಪ ಅಲ್ಲ, ಉಪಚಾರ ಎಂದೆ.

ಅವರು ಕೇಳಿದ್ದು ಒಂದೇ, ಎರಡು ಎಲೆ ಯಾಕೆ?

ದಾಯಾದಿಗಳು ಒಂದೇ ಎಲೆಯಲ್ಲಿ ಉಣ್ಣುವುದಿಲ್ಲ ಮೇಡಂ, ನಮ್ಮಲ್ಲೂ ಇಲ್ಲ ಎಂದೆ.

ಹಣೆಗೆ ಕೈ ಹಚ್ಚಿದರು. ನಕ್ಕರೋ ಅತ್ತರೋ ಕಾಣಲಿಲ್ಲ. ಮೊಯ್ದುವಿನ ಕ್ಯಾಮೆರಾದ ವಿಷಯ ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಎರಡೂ ಮನೆಯ ಹಿರಿಯರನ್ನು ಒಟ್ಟಿಗೆ ಕೂರಿಸಿದರೆ, ಅವರು ಒಪ್ಪಿ ಕಂಪ್ಲೇಂಟ್ ವಾಪಸ್ ಪಡೆದರೆ, ಅಲ್ಲಿಗೆ ನಿಲ್ಲಬಹುದು ಎಂದರು. ಬಹುದು. ನಿಮ್ಮ ಬಗ್ಗೆ ಮಾತು ಕೊಡಲಾರೆ, ಹೇಳುವುದು ನೀವೇ ಹೇಳಬೇಕು, ಅವರ ಮುಖ ನೋಡಿ.

"ಬಾಬಾ, ಡರ್ ಲಗ್ ರಹಾ ಹೈ?"

ಹೌದು, ಹೆದರಿಕೆ ಆಗುತ್ತದೆ ಎಂದೆ.

ತನಗೂ ಎಂದರು.

ಆಗಸ್ಟ್ 5, ಮಂಗಳವಾರ

ಎರಡೂ ಮನೆಯವರು ಸೇರುವುದು ನಾಳೆ ಎಂದು ನಿಶ್ಚಯವಾಗಿದೆ. ಊರಿನವರು ಕೂತು ಮಾತಾಡುವ ಹಾಲ್ ಉಂಟಲ್ಲ, ಸಬ್ಲಾ ಎನ್ನುತ್ತಾರೆ, ಅಲ್ಲಿ.

ಸುಪ್ರೀತಾಳಿಗೆ ಹೇಳಿದೆ. "ನನ್ನ ಮಗಳ ಶಾಲೆ, ನನ್ನ ಕೆಲಸ... ಅಪ್ಪಾ, ನಿಮಗೆ ಮೊಯ್ದು ಹೆಚ್ಚಾ?" ಎಂದಳು. ಹೆಚ್ಚಲ್ಲ. ಕಡಿಮೆಯೂ ಅಲ್ಲ. ಮಗಳ ಮುಖ ನೋಡಿಕೊಂಡು ಅದನ್ನು ಹೇಗೆ ಹೇಳುವುದು? ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯ ಸದ್ದು. ನನ್ನ ಬಿಳಿ ಅಂಗಿ. ಕಾಲರನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು.

ಲತೇಶ್ ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತ. "ನಡೆದು ಹೋಗ್ಬೇಡಿ ಮಾವ, ಬಿಸಿಲು. ನಾನು ಬಿಡ್ತೇನೆ."

ಆಗಸ್ಟ್ 6, ಬುಧವಾರ. ಸಬ್ಲಾದ ಮೆಟ್ಟಿಲು

ಹೊರಗೆ ಕಳಿಸಿದ್ದಾರೆ. ಇಂಗ್ಲಿಷ್ ಮಾತು ಬರೆದುಕೊಳ್ಳಲು ಈ ಪುಸ್ತಕ ತಂದಿದ್ದೆ, ಈಗ ಕೈಗೆ ಬೇರೆ ಕೆಲಸ ಇಲ್ಲ. ಬರೆಯುತ್ತೇನೆ. ಲತೇಶ್ ಕಾರಿನಲ್ಲಿ, ಎದುರಿಗೇ. ಮೊಯ್ದುವನ್ನೂ ಕರೆಸಿದ್ದಾರೆ, ಅರಬಿ ಬರುತ್ತದೆ ಎಂದು. ನನ್ನ ಪಕ್ಕದಲ್ಲಿ ಕೂತಿದ್ದಾನೆ.

ಒಳಗೆ ಆದದ್ದು. ಉದ್ದದ ಹಾಲ್, ಗೋಡೆಯ ಬದಿಗೆ ದಿಂಬು. ಒಳಗಿನವರು ಆ ಗೋಡೆಗೆ, ಹೊರಗಿನವರು ಈ ಗೋಡೆಗೆ. ನಡುವಿನ ಕಾರ್ಪೆಟ್ ಖಾಲಿ. ನನ್ನನ್ನು ಕೂರಿಸಿದ್ದು ಆ ಖಾಲಿಯಲ್ಲಿ. ಕೋಟೆಗೆ ಹೇಗಾಗಿರಬೇಕು ಎಂದು ಆಗ ಗೊತ್ತಾಯಿತು.

ಹೇಳಿದೆ. ಮೊಯ್ದು ಅರಬಿಯಲ್ಲಿ ಹೇಳಿದ. ಮಗು ಉಗಿದದ್ದನ್ನೂ ಹೇಳಿದೆ. ಒಳಗಿನವರ ಹಿರಿಯ, ಬೆಳ್ಳಿ ಗಡ್ಡ, ಒಂದು ಕಣ್ಣಿಗೆ ಪೊರೆ. ಮಗುವಿಗೆ ಈಗ ಹೇಗಿದೆ ಎಂದು ಕೇಳಿದ. ಗುಣವಾಗಿದೆ ಎಂದೆ. ದೇವರಿಗೆ ಸ್ತುತಿ ಎಂದ. ಅದನ್ನು ಹೊರಗಿನವರೂ ಹೇಳಿದರು, ಹೇಳಲೇಬೇಕಲ್ಲ. ಆ ಬೆಳ್ಳಿ ಗಡ್ಡದವನೇ, ನಾವು ಸತ್ತವರಿಗೆ ಊಟ ಇಡುವುದಿಲ್ಲ, ಇದು ತಪ್ಪು, ಇನ್ನು ಮಾಡಬೇಡ ಎಂದ. ತಲೆ ತಗ್ಗಿಸಿದೆ.

ಮೇಡಂ ಎರಡು ಕಾಗದ ತಂದಿದ್ದರು. ಕಂಪ್ಲೇಂಟ್ ವಾಪಸ್ ಪಡೆಯುವುದು. ಪೆನ್ನು ಮೊದಲು ಹೊರಗಿನವರ ಹಿರಿಯನ ಕೈಗೆ ಹೋಯಿತು. ದಪ್ಪ ಮನುಷ್ಯ, ಉಬ್ಬಸ. ಬರೆಯುವ ಮೊದಲು ತಮಾಷೆಗೆ ಎಂಬಂತೆ ನನ್ನನ್ನು ಏನೋ ಕೇಳಿದ. ಮೊಯ್ದು ಹೇಳಲು ತಡಮಾಡಿದ. ಆಮೇಲೆ ನೆಲ ನೋಡಿಕೊಂಡು ಹೇಳಿದ —

"ಅವರಿಗೆ ಇಟ್ಟದ್ದು ಸರಿ. ನಮ್ಮವರಿಗೆ ಎಳನೀರು ಯಾಕೆ ಇಟ್ಟೆ, ನಮ್ಮವರ ಹತ್ತಿರ ನೀರಿತ್ತಲ್ಲ, ಅಂತ ಕೇಳ್ತಾರೆ."

ದಪ್ಪ ಮುದುಕನ ಮುಖದ ನಗು ಹಾಗೇ ಇತ್ತು, ತೆಗೆಯಲು ಮರೆತವನ ಹಾಗೆ. ಬರ ಬಂದಿತ್ತು, ನಾವೂ ಬಾಯಾರಿದ್ದೆವು ಎಂದು ಮುನ್ನೂರು ವರ್ಷ ಹೇಳಿದ್ದು ಅವನ ಬಾಯಿಂದಲೇ ಸುಳ್ಳಾಗಿಹೋಯಿತು. ಪೆನ್ನು ಅವನ ಬೆರಳಿನಿಂದ ಕಾರ್ಪೆಟ್ಟಿಗೆ ಜಾರಿತು. ಹುಡುಗರು ಏಳಲು ಹೊರಟರು. ಇಲ್ಲೇ, ಈಗಲೇ, ನನ್ನ ಎರಡು ಎಲೆಯಿಂದ...

ಒಳಗಿನವರ ಹಿರಿಯ ಕೈ ಎತ್ತಿದ. ಹುಡುಗರು ಕೂತರು. ಅವನು ಮೆಲ್ಲಗೆ ನಡುವಿನ ಕಾರ್ಪೆಟ್ ದಾಟಿ ಬಂದು, ಬಗ್ಗಿ ಆ ಪೆನ್ನನ್ನು ತೆಗೆದುಕೊಂಡು, ತನ್ನ ಕಾಗದಕ್ಕೆ ಸಹಿ ಹಾಕಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಪೆನ್ನನ್ನು ದಪ್ಪ ಮುದುಕನ ಮುಂದೆ ಇಟ್ಟ. ಆ ಮುದುಕ ಮುಟ್ಟಲಿಲ್ಲ. ಆಗ ನಮ್ಮನ್ನು ಹೊರಗೆ ಕಳಿಸಿದರು.

ಒಂದು ಸಹಿ ಆಗಿದೆ. ಒಂದು ಇಲ್ಲ. ಒಂದರಿಂದ ಪ್ರಯೋಜನ ಇಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು.

"ಸಂಕಪ್ಪಣ್ಣ, ನಮ್ಮ ಮಾಟದ ವಿಷಯ ಮುಗೀತು" ಎಂದ ಮೊಯ್ದು. "ಈಗ ಅವರ ನೀರಿನ ವಿಷಯ. ಅದಕ್ಕೆ ನಮ್ಮ ಹತ್ತಿರ ಮದ್ದಿಲ್ಲ."

ಒಳಗಿನಿಂದ ಏರುದನಿ. ಲತೇಶ್ ಕಾರಿನಿಂದ ಇಳಿದು ನಿಂತಿದ್ದಾನೆ.

ಈಗ ಬರೆಯುವುದನ್ನು ಬೇಗ ಬರೆಯಬೇಕು. ಬಾಗಿಲು ತೆರೆದು ದಪ್ಪ ಮುದುಕ ಒಬ್ಬನೇ ಬಂದ. ನಮ್ಮ ಪಕ್ಕ, ಅದೇ ಮೆಟ್ಟಿಲಿನಲ್ಲಿ, ಕೂತ. ಉಬ್ಬಸದ ನಡುವೆಯೇ ಮೊಯ್ದುವಿಗೆ ಏನೋ ಹೇಳಿದ, ಕಣ್ಣು ಮಾತ್ರ ನನ್ನ ಮೇಲೆ.

"ಬಾವಿಯ ಹತ್ತಿರ ಇಟ್ಟ ನೀರು... ಅವರು ಕುಡಿದರಾ ಅಂತ ಕೇಳ್ತಾರೆ."

ನನಗೇನು ಗೊತ್ತು. ಬೆಕ್ಕು ಉರುಳಿಸಿರಬಹುದು. ಮಣ್ಣು ಕುಡಿದಿರಬಹುದು. ಸುಳ್ಳು ಹೇಳಿದರೆ ಯಾವ ದೇವರು ಕೇಳುತ್ತಾನೆ, ಅವನದ್ದಾ ನಮ್ಮದಾ. ಆ ಮುಖ ನೋಡಿದೆ. ನನ್ನಷ್ಟೇ ಹೆದರಿದ ಮುಖ. ಇಷ್ಟು ದಿನ ಕನ್ನಡಿಯಲ್ಲಿ ಕಂಡದ್ದು.

ಕುಡಿದರು ಎಂದೆ. ಪೂರ್ತಿ.

ಮೊಯ್ದು ಹೇಳುವ ಮೊದಲೇ ಅವನಿಗೆ ಅರ್ಥವಾಯಿತು. ನನ್ನ ಹೆಗಲಿಗೆ ಕೈಯೂರಿ ಎದ್ದ. ಭಾರ. ಒಳಗೆ ಹೋದ. ಬಾಗಿಲು ಹಾಕಲಿಲ್ಲ. ಇಲ್ಲಿಂದ ಕಾಣುತ್ತದೆ — ಕಾರ್ಪೆಟ್ಟಿನ ನಡುವಿಗೆ ನಡೆದ, ಕೂತ. ಮೊಯ್ದು ನನ್ನ ಮೊಣಕೈ ಹಿಡಿದುಕೊಂಡಿದ್ದಾನೆ, ಅಕ್ಷರ ಅಲುಗುತ್ತಿದೆ. ಮುದುಕ ಪೆನ್ನನ್ನು ಎತ್ತಿಕೊಂಡ, ಮೇಡಂ ಕಾಗದ ಹಿಡಿದರು, ಅವನು ಸಹಿ ಹಾಕಿದ.